ಎರಡನೇ ಮನೆಯ ಕುದುರೆ

ನನ್ನ ಅಣ್ಣನ ಬಲಗೈ ಬಿದ್ದುಹೋಗಿ ಹದಿನೈದು ದಿನವಾಗುವಾಗ, ಅದನ್ನು ಪುನಃ ಎಬ್ಬಿಸುವ ದಾರಿ ಇಡೀ ಪುತ್ತೂರು ಪೇಟೆಯಲ್ಲಿ ನನಗೊಬ್ಬನಿಗೇ ಗೊತ್ತಿದೆ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ. ಡಾಕ್ಟರು ಬೇರೆ ದಾರಿ ಹೇಳಿದ್ದರು, ನಿಜ. ಆದರೆ ಡಾಕ್ಟರಿಗೆ ಚೆಸ್ ಬರುತ್ತಿರಲಿಲ್ಲ!

ಹದಿನೈದು ದಿನ ಎಂದು ಬರೆದೆನಲ್ಲ, ಅದು ಇಪ್ಪತ್ತೂ ಇರಬಹುದು, ತಿಂಗಳೂ ಇರಬಹುದು. ಹದಿನೈದು ಎಂದರೆ ನಾನು ಬೇಗ ಎಚ್ಚೆತ್ತ ತಮ್ಮನಂತೆ ಕಾಣುತ್ತೇನೆ. ಅದಕ್ಕೇ ಕೈ ತಾನಾಗಿ ಹಾಗೆ ಬರೆಯಿತು. ಇಂಥ ಜಾಗಗಳು ಮುಂದೆಯೂ ಇರಬಹುದು. ಸಿಕ್ಕಿಬಿದ್ದಲ್ಲಿ ಒಪ್ಪಿಕೊಳ್ಳುತ್ತೇನೆ.

ಅಣ್ಣ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಂಕೀಪರ್ ಆಗಿದ್ದ. ಸುಳ್ಯ, ಕಡಬ, ಉಪ್ಪಿನಂಗಡಿ ಕಡೆಯ ಬಸ್ಸುಗಳು ಎಷ್ಟು ಗಂಟೆಗೆ ಬಂದವು, ಎಷ್ಟಕ್ಕೆ ಹೊರಟವು ಎಂದು ಪುಸ್ತಕದಲ್ಲಿ ಬರೆಯುವುದು, ಎರಡು ನಿಮಿಷ ಹೆಚ್ಚು ನಿಂತ ಡ್ರೈವರನನ್ನು ಇಡೀ ಪೇಟೆಗೆ ಕೇಳುವ ಹಾಗೆ ಬೈಯುವುದು, ಇಷ್ಟೇ ಅವನ ಉದ್ಯೋಗ. ಬರೆಯಲಿಕ್ಕೆ ಬಲಗೈ ಬೇಕು, ಬೈಯಲಿಕ್ಕೆ ಗಂಟಲು ಬೇಕು. ಪಾರ್ಶ್ವವಾಯು ಎರಡನ್ನೂ ಒಂದೇ ಬೆಳಿಗ್ಗೆ ಒಯ್ದುಬಿಟ್ಟಿತು. ಬಸ್ಸಿನ ಧಣಿಗಳು ಮನೆಗೆ ಬಂದು, "ಮೂರು ತಿಂಗಳು ನಿಮ್ಮ ಕುರ್ಚಿಗೆ ಬೇರೆ ಯಾರನ್ನೂ ಖಾಯಂ ಮಾಡುದಿಲ್ಲ. ಕೈ ಸರಿಯಾದ ಕೂಡ್ಲೆ ಬನ್ನಿ" ಎಂದು ಹೇಳಿ ಹೋಗಿದ್ದರು. ಡಾಕ್ಟರು ಹೇಳಿದ್ದೂ ಅದೇ ಮೂರು ತಿಂಗಳು. ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟು, "ದಿನಕ್ಕೆ ಇನ್ನೂರು ಸಲ ಹಿಂಡಿಸಿ. ಬೆರಳು ಬರುದಾದ್ರೆ ಇಷ್ಟರೊಳಗೆ ಬರ್ಬೇಕು" ಎಂದಿದ್ದರು.

ಇನ್ನು ಅಣ್ಣನ ಮಾತು. ಮನೆಯಲ್ಲಿ ನಾವೆಲ್ಲ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಎರಡು ಶಬ್ದಗಳನ್ನು ತುಳುವಿನಲ್ಲೇ ಇಡಬೇಕು. ಬೇಕು ಎನ್ನಲಿಕ್ಕೆ ನಾವು 'ಬೋಡು' ಎನ್ನುತ್ತೇವೆ, ಬೇಡ ಎನ್ನಲಿಕ್ಕೆ 'ಬೊಡ್ಚಿ'. ಪೇಟೆಯನ್ನೇ ನಡುಗಿಸಿದ ಆ ಗಂಟಲಲ್ಲಿ ಈಗ ಉಳಿದದ್ದು ಒಂದೇ ಸದ್ದು: 'ಬೊಡ್'. ಅಲ್ಲಿಗೆ ನಾಲಗೆ ನಿಲ್ಲುತ್ತಿತ್ತು. ಬಾಲವನ್ನು ನಾವು ಸೇರಿಸಿಕೊಳ್ಳಬೇಕು. ಅತ್ತಿಗೆ ಗಂಜಿ ತಂದು "ಬೋಡಾ?" ಎಂದರೆ ಅವನು "ಬೊಡ್" ಎನ್ನುತ್ತಿದ್ದ. "ಬೇಕಂತೆ" ಎಂದು ಅತ್ತಿಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಮೂರೂ ಹೊತ್ತು ಅವನಿಗೆ ಎಲ್ಲವೂ ಬೇಕಾಗಿತ್ತು!

ನನ್ನ ಪರಿಚಯ: ಪೇಟೆಯ ಮಾಳಿಗೆಯೊಂದರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವವನು. ನೂರಾರು ಮಕ್ಕಳ ಬೆರಳುಗಳನ್ನು ದಾರಿಗೆ ತಂದವನು. ಇದರ ಜೊತೆಗೆ ಚೆಸ್ ಹುಚ್ಚು. ಮೂವತ್ತು ವರ್ಷಗಳಿಂದ ಪ್ರತಿ ಭಾನುವಾರ ಅಣ್ಣನೊಂದಿಗೆ ಆಡುತ್ತಿದ್ದೆ. ಅಂಥವನ ಕೈಗೆ ಚೆಂಡು ಕೊಡುವುದೇ? ಅವಮಾನ!

"ಇಚಿಲಂಪಾಡಿಯಲ್ಲಿ ಎಣ್ಣೆ ತಿಕ್ಕುವವರು ಒಬ್ರು ಇದ್ದಾರಂತೆ, ಸದಾಶಿವ" ಎಂದು ಅತ್ತಿಗೆ ಮೆಲ್ಲಗೆ ಹೇಳಿದಳು. "ಒಮ್ಮೆ ಕರ್ಕೊಂಡು ಹೋಗುವನಾ?"

"ಅತ್ತಿಗೆ, ನಾವು ಯಾವ ಕಾಲದಲ್ಲಿದ್ದೇವೆ?" ಎಂದೆ. ಎಂಬತ್ತಾರನೇ ಇಸವಿಯೋ ಎಂಬತ್ತೇಳೋ, ನನಗೂ ಸರಿಯಾಗಿ ನೆನಪಿಲ್ಲ. ಆದರೆ ಕಂಪ್ಯೂಟರಿನ ಕಾಲ ಎಂಬುದು ಖಚಿತವಿತ್ತು. ಏಕೆಂದರೆ ಆ ವಾರ ಉಪ್ಪಿನಂಗಡಿಯಲ್ಲಿ ನಾನೊಂದು ಕಂಪ್ಯೂಟರನ್ನು ಕಣ್ಣಾರೆ ಕಂಡಿದ್ದೆ.

ಅದು ಹಮೀದನದು. ಹಮೀದ್ ನನ್ನ ಹೈಸ್ಕೂಲಿನ ಬೆಂಚಿನವನು. ಗಲ್ಫಿನಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ನೆಲದ ಕಲ್ಲು ಹಾಸುವ ಕೆಲಸ. ರಜೆಗೆ ಬರುವಾಗ ಊದಿನಕಡ್ಡಿಯ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ಯಂತ್ರ ತಂದಿದ್ದ. ಮೇಲೆ ರಬ್ಬರಿನ ಬಟನ್‌ಗಳು. ಟೀವಿಗೆ ಒಂದು ವಯರು, ಟೇಪ್‌ರೆಕಾರ್ಡರಿಗೆ ಇನ್ನೊಂದು.

"ಇದರಲ್ಲಿ ಚೆಸ್ ಉಂಟಾ?" ಕೇಳಿದೆ.

"ಅದಕ್ಕೆ ಬೇರೆ ಕ್ಯಾಸೆಟ್ ಬೇಕು ಮಾರಾಯ. ನಂಗೆ ಸಿಕ್ಕಿದ್ದು ವಿಮಾನ ಹೊಡೆಯುವ ಆಟ ಒಂದೇ."

"ಹಾಗಾದ್ರೆ ನಾನೇ ಒಂದು ಆಟ ಮಾಡ್ತೇನೆ."

"ನಿಂಗೆ ಬರ್ತದಾ?"

"ಇದರ ಜೊತೆ ಬಂದ ಪುಸ್ತಕ ಉಂಟಲ್ಲ!"

ಹಮೀದ್ ವಯರುಗಳನ್ನು ಕಿತ್ತು ಸುತ್ತಿಟ್ಟ. "ಕೊಂಡುಹೋಗು. ನಾನು ವಾಪಸ್ ಹೋಗುವಷ್ಟರಲ್ಲಿ ಕೊಟ್ರೆ ಆಯ್ತು. ಅಣ್ಣನಿಗೆ ನನ್ನ ಸಲಾಂ ಹೇಳು" ಎಂದ.

ಬೆರಳಿನಿಂದ ಒತ್ತುವ ಆಟ. ಒತ್ತಲೇಬೇಕು ಅನ್ನಿಸುವ ಆಟ. ಒತ್ತಿ ಒತ್ತಿ ಗೊತ್ತಿಲ್ಲದೆಯೇ ಬೆರಳು ಬರುವ ಆಟ! ರಬ್ಬರು ಬೇಕಿದ್ದರೆ ಬಟನ್ನೂ ರಬ್ಬರಿನದೇ. ಡಾಕ್ಟರ ಮಾತನ್ನೂ ಮೀರಿದಂತಾಗಲಿಲ್ಲ.

ಪೂರ್ತಿ ಚೆಸ್ ಆ ಯಂತ್ರದ ತಲೆಗೂ ನನ್ನ ತಲೆಗೂ ಹಿಡಿಸುವಂಥದ್ದಲ್ಲ ಎಂದು ಮೊದಲ ವಾರವೇ ತಿಳಿಯಿತು. ಆದ್ದರಿಂದ ನಾನು ರಾಜ, ಮಂತ್ರಿ, ಆನೆ, ಒಂಟೆ, ಕಾಲಾಳುಗಳನ್ನು ಸೇವೆಯಿಂದ ಬಿಡುಗಡೆ ಮಾಡಿದೆ. ಉಳಿದದ್ದು ಒಂದೇ ಕುದುರೆ. ಅಡ್ಡ ಐದು ಉದ್ದ ಐದು, ಒಟ್ಟು ಇಪ್ಪತ್ತೈದು ಮನೆಗಳ ಹಲಗೆ, ಕಪ್ಪು ಬಿಳಿ ಬಣ್ಣ. ಕುದುರೆ ಚೆಸ್ಸಿನಲ್ಲಿ ಹಾರುವಂತೆಯೇ ಹಾರಬೇಕು: ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಬಿಟ್ಟು ಬಂದ ಮನೆ ಮುಳುಗಿಹೋಗುತ್ತದೆ, ಪುನಃ ಅಲ್ಲಿಗೆ ಹೋಗುವಂತಿಲ್ಲ. ಇಪ್ಪತ್ತೈದೂ ಮನೆ ಮೆಟ್ಟಿದರೆ ಗೆಲುವು. ಹಾರಲಿಕ್ಕೆ ಮನೆಯೇ ಇಲ್ಲದಾದರೆ ಸಾವು. ಹಾರಬಹುದಾದ ಮನೆಗಳು ಒಂದಾದ ಮೇಲೊಂದು ಮಿಣುಕುತ್ತವೆ. ಬೇಕಾದದ್ದು ಮಿಣುಕುವಾಗ ಬಟನ್ ಒತ್ತಬೇಕು. ಒಂದೇ ಬಟನ್. ಒಂದೇ ಬೆರಳು. ಬೇರೆ ಯಾವ ಬಟನ್ ತಪ್ಪಿ ಒತ್ತಿದರೂ ಆಟ ನಿಲ್ಲಬಾರದೆಂದು ಉಳಿದವನ್ನೆಲ್ಲ ನಿಷ್ಕ್ರಿಯಗೊಳಿಸಿದೆ. ಎಷ್ಟು ದೂರಾಲೋಚನೆ!

ಕುದುರೆಯನ್ನು ಮೊದಲು ಎಲ್ಲಿ ನಿಲ್ಲಿಸುವುದು? ಇದರಲ್ಲಿ ಯೋಚಿಸುವುದಕ್ಕೇನಿದೆ? ಚೆಸ್ಸಿನಲ್ಲಿ ಮೂಲೆಯಲ್ಲಿ ಆನೆ, ಎರಡನೇ ಮನೆಯಲ್ಲಿ ಕುದುರೆ. ಶಾಸ್ತ್ರ ಶಾಸ್ತ್ರವೇ. ಎರಡನೇ ಮನೆಯಲ್ಲಿ ನಿಲ್ಲಿಸಿದೆ.

ಯಂತ್ರಕ್ಕೆ ಹಾಕುವ ಮೊದಲು ಪರೀಕ್ಷೆ ಆಗಬೇಕಲ್ಲ. ಒಂದು ಭಾನುವಾರ ಇನ್‌ಸ್ಟಿಟ್ಯೂಟಿನ ಮೇಜುಗಳನ್ನು ಗೋಡೆಗೆ ಸರಿಸಿ, ಸುಣ್ಣದಕಡ್ಡಿಯಿಂದ ನೆಲದ ಮೇಲೆ ಹಲಗೆ ಬರೆದು, ಕಪ್ಪು ಮನೆಗಳಿಗೆ ಇದ್ದಿಲು ತಿಕ್ಕಿ, ಹೆಂಡತಿ ವಿಮಲಳನ್ನು ಕುದುರೆಯಾಗಿ ನೇಮಿಸಿದೆ. ಅವಳು ಹಾರುತ್ತಿದ್ದಂತೆ ಹಿಂದಿನ ಮನೆಯನ್ನು ನಾನು ಒದ್ದೆಬಟ್ಟೆಯಿಂದ ಒರೆಸಿಬಿಡುವುದು.

"ಈಗ ಎಲ್ಲಿಗೆ ಹೋಗುದು? ಸುತ್ತ ಮನೆಯೇ ಇಲ್ಲ" ಎಂದಳು ವಿಮಲ, ಸೀರೆಯ ನೆರಿಗೆ ಎತ್ತಿ ಹಿಡಿದು.

"ನೀನು ಸತ್ತೆ."

"ಆಯ್ತು. ಮಧ್ಯಾಹ್ನಕ್ಕೆ ಅನ್ನ ನೀವೇ ಇಡಿ."

ಮಗಳನ್ನು ಟೈಪಿಂಗಿಗೆ ಸೇರಿಸಲು ಮೆಟ್ಟಿಲು ಹತ್ತಿ ಬಂದ ಮನುಷ್ಯರೊಬ್ಬರು ಬಾಗಿಲಲ್ಲಿ ನಿಂತು, ಕುಣಿಯುವ ವಿಮಲಳನ್ನೂ ಮೊಣಕಾಲೂರಿ ನೆಲ ಒರೆಸುವ ನನ್ನನ್ನೂ ನೋಡಿ, ಕೆಮ್ಮದೆ ಇಳಿದುಹೋದರು. ಅವರ ಮಗಳು ಎಲ್ಲಿ ಟೈಪಿಂಗ್ ಕಲಿತಳೋ ಗೊತ್ತಿಲ್ಲ.

ಆರನೆಯ ಪ್ರಯತ್ನದಲ್ಲೋ ಏಳನೆಯದರಲ್ಲೋ ವಿಮಲ ಇಪ್ಪತ್ನಾಲ್ಕು ಮನೆ ಮುಗಿಸಿದಳು. ನಡುವಿನ ಮನೆ ಒಂದೇ ಉಳಿಯಿತು.

"ಅದೊಂದು ಬಾಕಿ ಉಂಟಲ್ಲ?" ಎಂದಳು.

"ಅದು ನಿನ್ನ ತಪ್ಪು" ಎಂದೆ.

ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ವಿಮಲ ಇಟ್ಟುಕೊಂಡಿದ್ದಾಳೆ.

ನಮ್ಮ ಮನೆಯ ಟೀವಿಯನ್ನು ರಿಕ್ಷಾದಲ್ಲಿ ಹಾಕಿ ಅಣ್ಣನ ಮನೆಗೆ ಸಾಗಿಸಿದೆ. ಆಗ ನಮ್ಮ ಕಡೆ ದೂರದರ್ಶನದಲ್ಲಿ ಬರುತ್ತಿದ್ದುದು ಹೆಚ್ಚಾಗಿ ಮರಳು. ಮರಳಿನ ನಡುವೆ ಯಾರೋ ವಾರ್ತೆ ಓದಿದ ಹಾಗೆ. ಕುದುರೆ ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಆಟ ಇದ್ದುದು ಕ್ಯಾಸೆಟ್ಟಿನಲ್ಲಿ. ಅದನ್ನು ಯಂತ್ರದೊಳಗೆ ಕಳಿಸುವಾಗ ಐದು ನಿಮಿಷ ಹಂಚಿಗೆ ಸೌಟು ಕೆರೆದಂಥ ಸದ್ದು. ಸಂಜೆ ವೋಲ್ಟೇಜ್ ಇಳಿದರೆ ಯಂತ್ರ ಎಲ್ಲವನ್ನೂ ಮರೆಯುತ್ತಿತ್ತು. ಪುನಃ ಸೌಟು, ಪುನಃ ಹಂಚು. ಅಣ್ಣನನ್ನು ದಿಂಬಿಗೆ ಒರಗಿಸಿ, ಅವನ ಬಲ ತೋರುಬೆರಳನ್ನು ಬಟನ್ ಮೇಲೆ ಇಟ್ಟು, ಜಾರದಂತೆ ಮಣಿಕಟ್ಟಿನ ಮೇಲೆ ನನ್ನ ಕೈ ಇಡುತ್ತಿದ್ದೆ. ಆಧಾರಕ್ಕೆ ಮಾತ್ರ.

ಮೊದಲ ದಿನ ಹನ್ನೊಂದು ಮನೆ. ಸಾವು! ಸಾಯುವಾಗ ಯಂತ್ರ ಬಸ್ಸಿನ ಹಾರ್ನಿನಂತೆ ಕೂಗುವ ಏರ್ಪಾಡು ಮಾಡಿದ್ದೆ, ಅಣ್ಣನಿಗೆ ಉದ್ಯೋಗದ ನೆನಪಾಗಿ ಉತ್ಸಾಹ ಬರಲಿ ಎಂದು. ಪರದೆಯ ಮೇಲೆ 'ಕುದುರೆ ಸತ್ತಿತು' ಎಂದು ಬರುತ್ತಿತ್ತು. ಯಂತ್ರಕ್ಕೆ ಕನ್ನಡ ಬಾರದ ಕಾರಣ ಇಂಗ್ಲಿಷ್ ಅಕ್ಷರಗಳಲ್ಲಿ.

ಅತ್ತಿಗೆಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. "ಎಂತ ಬರೆದದ್ದು ಅದು?"

"ಪುನಃ ಪ್ರಯತ್ನಿಸಿ ಅಂತ."

"ಪಾಪ, ಎಷ್ಟು ತಾಳ್ಮೆ ಅದಕ್ಕೆ" ಎಂದಳು ಅತ್ತಿಗೆ.

ಅಣ್ಣನಿಗೆ ಓದಲು ಬರುತ್ತಿತ್ತು.

ಪ್ರತಿ ಸಾವಿನ ನಂತರವೂ ನಾನು ಕೇಳುತ್ತಿದ್ದೆ. ಕೇಳದೆ ಯಾವುದನ್ನೂ ಹೇರಿದವನಲ್ಲ ನಾನು. "ಅಣ್ಣ, ಇನ್ನೊಂದು ಆಟ ಬೋಡಾ?"

"ಬೊಡ್."

"ಕೇಳಿದ್ರಾ ಅತ್ತಿಗೆ? ಬೇಕಂತೆ!"

ಟೈಪಿಂಗ್ ಸ್ಪೀಡು ಬರೆಯುವ ಪುಸ್ತಕದಲ್ಲಿ ಅಣ್ಣನಿಗೊಂದು ಪುಟ ತೆರೆದೆ. ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು. ದಿನಕ್ಕೆ ಇಪ್ಪತ್ತು ಸಾವು, ಕೆಲವು ದಿನ ಮೂವತ್ತು. ಇಪ್ಪತ್ತೊಂದು. ಇಪ್ಪತ್ನಾಲ್ಕು! ನಡುವಿನ ಮನೆ ಮಾತ್ರ ಬಾಕಿ. ಮರುದಿನ ಇಪ್ಪತ್ನಾಲ್ಕು. ಅದರ ಮರುದಿನವೂ. ಅಣ್ಣನ ಬಲಗಣ್ಣಿನಿಂದ ನೀರಿಳಿಯುತ್ತಿತ್ತು. ಆ ಕಣ್ಣು ಸರಿಯಾಗಿ ಮುಚ್ಚದ ಕಾರಣ ನೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನೇ ನಂಬಿದೆ. ಈಗಲೂ ನಂಬಲು ಅಡ್ಡಿಯಿಲ್ಲ.

ವಿಮಲ ಒಂದು ದಿನ ಚಾ ತಂದವಳು ನಿಂತೇ ನೋಡಿದಳು. "ಅಲ್ಲ, ಭಾವನನ್ನು ದಿನಕ್ಕೆ ಎಷ್ಟು ಸಲ ಕೊಲ್ಲುದು ನೀವು?"

"ಪ್ರಗತಿ ಉಂಟು. ಪುಸ್ತಕ ನೋಡು."

"ಚೆಂಡು ಎಲ್ಲುಂಟು?"

ಚೆಂಡು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಣ್ಣ ಮಲಗಿದ ಹನ್ನೆರಡನೇ ವಾರ ಹಮೀದ್ ಬಂದ. ರಜೆ ಮುಗಿಯುತ್ತ ಬಂದಿತ್ತು. ಅಣ್ಣನ ಎಡಗೈ ಹಿಡಿದು ಪಕ್ಕದಲ್ಲಿ ಕೂತ. ಆಮೇಲೆ ತಾನೂ ನಾಲ್ಕು ಆಟ ಆಡಿದ, ನಾಲ್ಕು ಸಲವೂ ಸತ್ತ. ಐದನೆಯದನ್ನು ಆಡದೆ ಪರದೆಯನ್ನು ದಿಟ್ಟಿಸಿದ.

"ಸದಾಶಿವ, ಇದು ಐದಕ್ಕೆ ಐದರ ನೆಲ ಅಲ್ವಾ? ನಾವು ಹಾಸುವಾಗ ಮೂಲೆಯ ಬಣ್ಣದ ಕಲ್ಲು ಹದಿಮೂರು ತೆಕ್ಕೊಳ್ತೇವೆ. ಇನ್ನೊಂದು ಬಣ್ಣದ್ದು ಹನ್ನೆರಡು."

"ಹೌದು, ಅದಕ್ಕೆ?"

"ನಿನ್ನ ಮೂಲೆ ಬಿಳಿ. ಅಂದ್ರೆ ಬಿಳಿ ಹದಿಮೂರು, ಕಪ್ಪು ಹನ್ನೆರಡು. ಕುದುರೆ ಕಪ್ಪಿನಿಂದ ಹಾರಿದ್ರೆ ಬಿಳಿಗೆ ಬೀಳ್ತದೆ, ಬಿಳಿಯಿಂದ ಹಾರಿದ್ರೆ ಕಪ್ಪಿಗೆ. ಹೌದಾ? ನೀನು ಅದನ್ನು ನಿಲ್ಲಿಸಿದ್ದು ಎರಡನೇ ಮನೆ, ಕಪ್ಪು. ಕಪ್ಪು, ಬಿಳಿ, ಕಪ್ಪು, ಬಿಳಿ. ಹನ್ನೆರಡು ಹನ್ನೆರಡು ಆಯ್ತು, ಇಪ್ಪತ್ನಾಲ್ಕು. ಮತ್ತೆ ಹಾರ್ಲಿಕ್ಕೆ ಕಪ್ಪು ಕಲ್ಲು ಬೇಕು. ಉಳಿದದ್ದು ಬಿಳಿ." ಅವನು ನನ್ನ ಕಡೆ ತಿರುಗಿದ. "ಇದು ಮುಗಿಯುವ ಆಟವೇ ಅಲ್ಲ ಮಾರಾಯ. ಯಾರು ಆಡಿದ್ರೂ ಸಾಯುದೇ."

ಐದು ವಾರ, ದಿನಕ್ಕೆ ಇಪ್ಪತ್ತೋ ಮೂವತ್ತೋ. ಗುಣಾಕಾರ ನನಗೆ ಬರುತ್ತದೆ, ಮಾಡಲಿಲ್ಲ.

ಅಣ್ಣನಿಗೆ ಇದು ಮೊದಲೇ ಹೊಳೆದಿತ್ತೇ? ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಿ ಹೇಗೆ ಮರಳಬೇಕು ಎಂದು ಮೂವತ್ತು ವರ್ಷ ಲೆಕ್ಕ ಹಾಕಿದವನು, ಈ ಮಾರ್ಗ ಮುಟ್ಟುವುದಿಲ್ಲ ಎಂದು ಎರಡನೇ ದಿನವೇ ಕಂಡುಕೊಂಡಿದ್ದ ಎಂದು ಬರೆದರೆ ಚೆಂದವಿರುತ್ತದೆ. ಪುರಾವೆ ಇಲ್ಲ. ಬರೆಯುವುದಿಲ್ಲ.

"ಮೂಲೆಗೆ ಹಾಕಿದ್ರೆ?" ಎಂದೆ ಕೊನೆಗೆ.

"ಮೂಲೆಗೆ ಹಾಕಿದ್ರೆ ಆಗ್ಬಹುದು" ಎಂದ ಹಮೀದ್. ಹೊರಡಲು ಎದ್ದವನು ಬಟನ್‌ಗಳ ಮೇಲೆ ಕೈಯಾಡಿಸಿ ಕೇಳಿದ, "ಇದರಿಂದ ಹೊರಗೆ ಬರುವ ಬಟನ್ ಯಾವುದು?"

"ಹೊರಗೆ ಬರ್ಲಿಕ್ಕೆ ಎಂತಕ್ಕೆ?"

"ಅಲ್ಲ, ಒಬ್ಬನಿಗೆ ಸಾಕು ಅಂತ ಕಂಡ್ರೆ?"

"ಸಾಕು ಅಂತ ಯಾರಿಗೂ ಕಾಣುದಿಲ್ಲ!" ಎಂದೆ ನಾನು.

ಕುದುರೆ ಮೂಲೆಗೆ ಹೋಯಿತು. ಎರಡು ದಿನ ಕಾಗದದ ಮೇಲೆ ಹಾರಿಸಿ ಹಾರಿಸಿ ಇಪ್ಪತ್ತೈದೂ ಮನೆಯ ದಾರಿ ಕಂಡುಹಿಡಿದು ಬಾಯಿಪಾಠ ಮಾಡಿದೆ. ಅಣ್ಣನಿಗೆ ಹೇಳಿಕೊಡುವುದಿಲ್ಲ, ಅವನೇ ಆಡಬೇಕು. ಮೂರು ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಅತ್ತಿಗೆಯನ್ನೂ ವಿಮಲಳನ್ನೂ ಕರೆದು ಮುಂದೆ ಕೂರಿಸಿದೆ.

ಅಣ್ಣನ ಬೆರಳು ಬಟನ್ ಮೇಲೆ. ನನ್ನ ಕೈ ಅವನ ಮಣಿಕಟ್ಟಿನ ಮೇಲೆ, ಆಧಾರಕ್ಕೆ. ಮಿಣುಕಿತು, ಒತ್ತಿದ. ಮಿಣುಕಿತು, ಒತ್ತಿದ. ಎಂಥ ಬೆರಳು! ಒಂದು ಕಡೆಯೂ ಎಡವಲಿಲ್ಲ. ಹತ್ತು, ಹದಿನೈದು, ಇಪ್ಪತ್ತು. ನಾನು ಕಾಗದದಲ್ಲಿ ಕಂಡ ದಾರಿಯಲ್ಲೇ, ತಿರುವಿಗೆ ತಿರುವು ಸರಿಯಾಗಿ ಹೋಗುತ್ತಿದ್ದಾನೆ. ಇಪ್ಪತ್ನಾಲ್ಕು. ಇಪ್ಪತ್ತೈದು!

"ಗೆದ್ದ! ಅಣ್ಣ ಗೆದ್ದ!" ಎಂದು ನಾನು ಎದ್ದು ಕುಣಿದೆ. ಅತ್ತಿಗೆ ಕೈ ಮುಗಿದಳು. "ನಾಳೆಯೇ ಧಣಿಗಳಿಗೆ ಹೇಳಿಕಳಿಸುವ" ಎಂದೆ. "ಕೈ ಬಂತು ಅಂತ."

ವಿಮಲ ಮಾತ್ರ ಕೂತಲ್ಲೇ ಇದ್ದಳು. "ಒಮ್ಮೆ ನೀವು ಕೈ ಬಿಡಿ. ಭಾವ ಒಬ್ರೇ ಆಡ್ಲಿ, ನೋಡುವ."

"ನಾನು ಹಿಡಿಯುದು ಆಧಾರಕ್ಕೆ ಮಾತ್ರ."

"ಹೌದು. ಬಿಡಿ."

ಬಿಟ್ಟೆ. ಮೂಲೆಯಲ್ಲಿ ಕುದುರೆ. ಅದು ಹಾರಬಹುದಾದ ಮನೆಗಳು ಎರಡು. ಒಂದು ಮಿಣುಕಿತು, ಇನ್ನೊಂದು ಮಿಣುಕಿತು. ಪುನಃ ಮೊದಲಿನದು. ಬಟನ್ ಮೇಲೆ ಅಣ್ಣನ ಬೆರಳು ಯಾರೋ ಮರೆತುಹೋದ ಪೆನ್ನಿನಂತೆ ಬಿದ್ದಿತ್ತು. ನಾವು ನಾಲ್ವರೂ ಅದನ್ನೇ ನೋಡಿದೆವು. ಮಿಣುಕುವ ಎರಡು ಮನೆಗಳಿಗೆ ದಣಿವೇ ಇರಲಿಲ್ಲ.

ಐದು ವಾರ ಆ ಬಟನ್ ಒತ್ತಿದ್ದು ಯಾರು? ದೇವರಾಣೆ, ಅವನೇ ಒತ್ತುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಪುಸ್ತಕದಲ್ಲಿ ಏರುತ್ತಾ ಹೋದ ಅಂಕಿಗಳೆಲ್ಲ ನನ್ನ ಪ್ರಗತಿ!

"ಸುಸ್ತಾಗಿರ್ಬೇಕು" ಎಂದೆ. ಏನು ಮಾಡುವುದೆಂದು ತೋಚದೆ ಅಭ್ಯಾಸಬಲದಿಂದ ಪುನಃ ಕೇಳಿದೆ. "ಅಣ್ಣ, ಇನ್ನೊಂದು ಆಟ ಬೋಡಾ?"

ಆಗ ಅವನು ಕೈ ಬೀಸಿದ. ಯಂತ್ರ ವಯರು ಕಿತ್ತುಕೊಂಡು ನೆಲಕ್ಕೆ ಬಿತ್ತು. ಟೀವಿ ತುಂಬ ಮರಳು. ಮತ್ತು ಅವನ ಬಾಯಿ ಒಂದು ಕಡೆಗೆ ಎಳೆದುಕೊಂಡು, ನಾಲಗೆ ಮೂರು ತಿಂಗಳಿಂದ ನಿಲ್ಲುತ್ತಿದ್ದ ಜಾಗದಲ್ಲಿ ಒದ್ದಾಡಿ, ದಾಟಿತು.

"ಬೊಡ್... ಬೊಡ್... ಬೊಡ್ಚಿ!"

"ಮಾತು ಬಂತು!" ಅತ್ತಿಗೆ ಕಿರುಚಿಕೊಂಡಳು. "ಸದಾಶಿವ, ಪೂರ್ತಿ ಶಬ್ದ ಹೇಳಿದ್ರು! ಕೇಳಿತಾ? ಬಾಲ ಸಮೇತ ಹೇಳಿದ್ರು!" ಅವಳು ಅವನ ತಲೆ ನೇವರಿಸಿದಳು, ಅತ್ತಳು, ಸಂಭ್ರಮಕ್ಕೆ ಒಳಗೆ ಓಡಿ ಒಂದು ಬಟ್ಟಲು ಗಂಜಿ ತಂದಳು.

"ಬೊಡ್ಚಿ" ಎಂದ ಅಣ್ಣ. ಈ ಸಲ ಇನ್ನೂ ಸ್ಪಷ್ಟವಾಗಿ.

ಅತ್ತಿಗೆ ಬಟ್ಟಲು ಹಿಡಿದು ನಿಂತೇ ಇದ್ದಳು. ಅವಳ ಮುಖದಲ್ಲಿ ಮೂರು ತಿಂಗಳ ಗಂಜಿಯೆಲ್ಲ ಒಂದೊಂದಾಗಿ ಹಾದುಹೋಗುವುದು ಕಂಡಿತು.

ಈ ಕತೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಅಣ್ಣ ಬೀಸಿದ್ದು ಬಲಗೈ. ಸೇರಿದವರು ಆಹಾ ಎನ್ನುತ್ತಾರೆ: ಆಟ ಸೋತರೂ ಕೈ ಎದ್ದಿತಲ್ಲ! ವಿಮಲ ಕೆಲವು ವರ್ಷ ಸುಮ್ಮನಿದ್ದಳು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಎದುರಿಗೇ ಕೂತು ಹೇಳಿದಳು, "ಎಡಗೈ ಮಾರಾಯ್ರೆ. ಬಲಗೈ ದಿಂಬಿನ ಮೇಲೆಯೇ ಇತ್ತು." ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು. ಪಾಯಸ ಬಂದದ್ದರಿಂದ ಬದುಕಿದೆ.

ಎಡಗೈ. ಬಲಗೈ ಕೊನೆಯವರೆಗೂ ಬರಲಿಲ್ಲ. ಮೂರು ತಿಂಗಳಿಗೆ ಸರಿಯಾಗಿ ಬೇರೊಬ್ಬರು ಕುರ್ಚಿಯಲ್ಲಿ ಕೂತರು, ಸಮಯಕ್ಕೆ. ಚೆಂಡು ಮಂಚದ ಕೆಳಗೆ, ಟೀವಿಯ ಖಾಲಿ ರಟ್ಟಿನ ಪೆಟ್ಟಿಗೆಯ ಹಿಂದೆ ಸಿಕ್ಕಿತು. ಅದನ್ನು ಹಿಂಡಿಸಿದ್ದರೆ ಬೆರಳು ಬರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಹೇಳ್ಲಿಕ್ಕೆ ಬರುದಿಲ್ಲ" ಎಂದರು. ಆ ಎರಡು ಶಬ್ದಗಳ ನೆರಳಲ್ಲಿ ನಾನು ಇಷ್ಟು ವರ್ಷ ಕೂತಿದ್ದೇನೆ. ನೆರಳು ಅಷ್ಟೇನೂ ದಟ್ಟವಾಗಿಲ್ಲ.

ಬಿದ್ದರೂ ಯಂತ್ರ ಕೆಟ್ಟಿರಲಿಲ್ಲ. ಹಮೀದನಿಗೆ ಅದನ್ನು ಮರಳಿಸುವ ಮುನ್ನ ಆಟಕ್ಕೆ ಇನ್ನೊಂದೇ ಒಂದು ನಿಯಮ ಸೇರಿಸಿದೆ. ಬೊಡ್ಚಿಯ ಮೊದಲ ಅಕ್ಷರದ ಬಟನ್ ಒತ್ತಿದರೆ ಆಟ ಅಲ್ಲಿಗೇ ಮುಗಿಯಬೇಕು. ಹಾರ್ನ್ ಇಲ್ಲ, ಸಾವಿಲ್ಲ. ಹೊಸೆದದ್ದರಲ್ಲೆಲ್ಲ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ. ಯಂತ್ರವನ್ನು ಅಣ್ಣನ ಎಡಗೈ ಬಳಿ ಇಟ್ಟು, ಬಟನ್ ತೋರಿಸಿ, ನಾನು ದೂರ ಸರಿದು ಕೈ ಕಟ್ಟಿ ನಿಂತೆ. ಸೌಟು ಹಂಚು ಐದು ನಿಮಿಷ ಕೆರೆದವು. ಹಲಗೆಯ ಮೊದಲ ಸಾಲು ಮೂಡುತ್ತಿತ್ತಷ್ಟೇ, ಕುದುರೆ ಇನ್ನೂ ಬಂದಿರಲಿಲ್ಲ. ಅಣ್ಣ ಒತ್ತಿದ. ಪರದೆ ಖಾಲಿಯಾಯಿತು.

ಅವನು ನಕ್ಕನೇ? ತುಟಿಯ ಎಡತುದಿ ಮೇಲಕ್ಕೆ ಹೋಗಿತ್ತು. ಆದರೆ ಪಾರ್ಶ್ವವಾಯು ಬಡಿದ ಆ ಬೆಳಿಗ್ಗೆಯ ನಂತರ ಅವನ ತುಟಿ ಯಾವಾಗಲೂ ಹಾಗೆಯೇ ಇರುತ್ತಿತ್ತು.

ಮೂವತ್ತು ವರ್ಷಗಳ ಭಾನುವಾರಗಳಲ್ಲಿ ಅಣ್ಣ ನನ್ನನ್ನು ಸೋಲಿಸಿದ್ದು ನೂರಾರು ಸಲ. ಒಂದೇ ನಡೆಯಲ್ಲಿ ಸೋಲಿಸಿದ್ದು ಅದೇ ಮೊದಲು!